ಠಾಣೆ ಸೇರಿದ ಪ್ರಸ್ಥಾನದ ಗಂಟು

ಪೊಲೀಸು ತೆಂಗಿನಕಾಯಿಯನ್ನು ಮೂರನೇ ಸಲ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

ಒಳಗೆ ನೀರು ಗುಳುಗುಳು ಎಂದಿತು.

ಅವನ ಇನ್ನೊಂದು ಕೈ ನಿಧಾನವಾಗಿ ಸೊಂಟದ ಕಡೆಗೆ ಹೋಯಿತು...

"ಬಾಂಬ್ ಅಲ್ಲ. ಕೊಕೊನಟ್. ತಿನ್ನೋದು," ಎಂದೆ. ಕೈ ತಾನಾಗಿಯೇ ಮೇಲಕ್ಕೆ ಹೋಗಿತ್ತು.

ಸೊಂಟದಿಂದ ಅವನು ತೆಗೆದದ್ದು ಪಿಸ್ತೂಲಲ್ಲ. ಅಳತೆ ಟೇಪು. ಕಾಯಿಯ ಸುತ್ತಳತೆ ನೋಡಿ ಫಾರ್ಮಿನಲ್ಲಿ ಬರೆದುಕೊಂಡ. ನಾನು ಕೈ ಕೆಳಗಿಳಿಸಿದೆ. ಇಳಿಸಿದ್ದನ್ನು ದುಭಾಷಿಯಾಗಿ ಜೊತೆಗೆ ಬಂದಿದ್ದ ಹಂಸಕ್ಕ ನೋಡಿಬಿಟ್ಟಳು.

ಗಡಿಯಾರದಲ್ಲಿ ಹನ್ನೊಂದೂ ಕಾಲು.

ನರಿತಾ ಏರ್‌ಪೋರ್ಟಿನಲ್ಲಿ ನಮ್ಮ ಕೌಂಟರ್ ಮುಚ್ಚುವುದು ಸರಿಯಾಗಿ ಒಂದು ಗಂಟೆಗೆ. ನಾವು ಸಿಕ್ಕಿಬಿದ್ದಿದ್ದು ಟೋಕಿಯೋ ಪಕ್ಕದ ಉರಯಾಸುವಿನ ಒಂದು ಪುಟ್ಟ ಪೊಲೀಸ್ ಚೌಕಿಯಲ್ಲಿ. ಮೇಜಿನ ಮೇಲೆ ಒಂದು ತೆಂಗಿನಕಾಯಿ, ಒಂದು ಹಿಡಿ ಅರಿಶಿನದಕ್ಕಿ, ಒಂದು ಕೆಂಪು ರವಿಕೆ ಬಟ್ಟೆ. ಪಕ್ಕದಲ್ಲಿ ವಸುಂಧರಾಳ ಪಾಸ್‌ಪೋರ್ಟು, ಟಿಕೆಟ್ಟು, ಡಾಕ್ಟರ್ ಸರ್ಟಿಫಿಕೇಟು. ಮೇಜಿನ ಈಚೆಗೆ, ಇದ್ದ ಒಂದೇ ಕುರ್ಚಿಯಲ್ಲಿ, ವಸುಂಧರಾ. ಏಳೂವರೆ ತಿಂಗಳ ಬಸುರಿ.

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ನನ್ನ ಪರಿಚಯ ಹೇಳಿಬಿಡುತ್ತೇನೆ ಸಾರ್. ಹೆಸರು ದ್ವಾರಕಾನಾಥ. ಇದು ತೊಂಬತ್ತೊಂಬತ್ತರ ನವೆಂಬರ್ ಕೊನೆಯ ಮಾತು. ಆಗ ನಾನು ಟೋಕಿಯೋದಲ್ಲಿ, ಒಂದು ಬ್ಯಾಂಕಿನ ಹಳೇ ಪ್ರೋಗ್ರಾಮುಗಳಲ್ಲಿ ಎರಡಂಕಿಯ ಇಸವಿಯನ್ನು ನಾಲ್ಕಂಕಿ ಮಾಡುವ ಕೂಲಿ. ಉಳಿದ ಹೊತ್ತಿನಲ್ಲಿ ನಿಶಿ ಕಸಾಯಿ ಬಡಾವಣೆಯ ಕನ್ನಡಿಗರ ಫಿಕ್ಸರ್. ಬಾಡಿಗೆ ಮನೆ ಬೇಕೇ, ಗ್ಯಾಸ್ ಕನೆಕ್ಷನ್ ಬೇಕೇ, ಕೊತ್ತಂಬರಿ ಸೊಪ್ಪು ಬೇಕೇ... ಎಲ್ಲರ ಬಾಯಲ್ಲೂ ಒಂದೇ ಮಾತು: ದ್ವಾರಕಾನ್ನ ಕೇಳಿ. ಊರಿಗೆ ಉಪಕಾರಿ ಎನ್ನುತ್ತಾರಲ್ಲ, ಅದು. ಮದುವೆಯಾಗಿಲ್ಲದ ಕಾರಣ ಮನೆಗೆ ಮಾರಿಯಾಗುವ ಅವಕಾಶ ಇನ್ನೂ ಸಿಕ್ಕಿರಲಿಲ್ಲ.

ಈ ಕೇಸು ನನಗೆ ಕೊಟ್ಟವನು ಇನ್ನೊಂದು ಬ್ಯಾಂಕಿನಲ್ಲಿ ಇದೇ ಕೂಲಿ ಮಾಡುತ್ತಿದ್ದ ಅಜಿತ್, ವಸುಂಧರಾಳ ಗಂಡ.

"ಸೋಮವಾರ ನಮಗೆ ವೈಟೂಕೆ ರಿಹರ್ಸಲ್ ಕಣೋ. ಬೆಳಗ್ಗೆಯಿಂದ ಮಷೀನ್ ರೂಮಿನ ಒಳಗೇ ಇರ್ಬೇಕು. ಫೋನೂ ಇಲ್ಲ. ವಸೂನ ನೀನೇ ಏರ್‌ಪೋರ್ಟಿಗೆ ಬಿಟ್ಬಿಡ್ತೀಯಾ?"

"ರಜಾ ಕೇಳಿದ್ಯಾ?"

"ಈ ಟೈಮಲ್ಲಿ ಯಾರು ಕೊಡ್ತಾರೋ."

"ಸರಿ ಬಿಡು. ನಾನಿದ್ದೀನಿ," ಎಂದೆ.

ಈ ಮಾತು ನನ್ನ ಬಾಯಿಂದ ಬಂದಾಗಲೆಲ್ಲ ಯಾರಿಗೋ ಗ್ರಹಚಾರ ಕಾದಿರುತ್ತದೆ.

ಏರ್‌ಲೈನಿನವರ ರೂಲ್ ಹೀಗಿತ್ತು: ಮೂವತ್ತೆರಡು ವಾರದವರೆಗೆ ಮಾತ್ರ ಬಸುರಿಯರನ್ನು ಹತ್ತಿಸಿಕೊಳ್ಳುತ್ತಾರೆ. ಆ ಸೋಮವಾರಕ್ಕೆ ವಸುಂಧರಾಳಿಗೆ ಮೂವತ್ತೆರಡು ತುಂಬುತ್ತಿತ್ತು. ಮಂಗಳವಾರ ಅವಳು ಹೋಗಿ ನಿಂತರೂ ಬೋರ್ಡಿಂಗ್ ಕಾರ್ಡ್ ಸಿಗುವುದಿಲ್ಲ. ಅಂದರೆ ಬಾಣಂತನ ಇಲ್ಲೇ. ಚೊಚ್ಚಲ ಹೆರಿಗೆ, ತಾಯಿ ಮೈಸೂರಿನಲ್ಲಿ, ಗಂಡ ಹೊಸ ವರ್ಷ ಕಳೆಯುವ ತನಕ ಮಷೀನ್ ರೂಮಿನಲ್ಲಿ.

ಇಷ್ಟು ಗೊತ್ತಿದ್ದೂ ನಾನು ಬುದ್ಧಿ ಉಪಯೋಗಿಸಿದೆ. ಅದೇ ತಪ್ಪಾಗಿದ್ದು.

ನಮ್ಮ ತಾತ ಪಂಚಾಂಗ ನೋಡಿ ಹೇಳುತ್ತಿದ್ದರು. ಅವರ ವಿದ್ಯೆಯಲ್ಲಿ ಕಾಲು ಭಾಗ ನನಗೆ ಬಂದಿತ್ತು. ಆ ಕಾಲು ಭಾಗದಲ್ಲಿ ಒಂದು ಮಾತಿತ್ತು: ಸೋಮವಾರ ಪೂರ್ವ ದಿಕ್ಕಿಗೆ ವಾರಶೂಲೆ, ಹೊರಡಬಾರದು. ಮ್ಯಾಪ್ ಬಿಡಿಸಿ ನೋಡಿದೆ. ನಿಶಿ ಕಸಾಯಿಯಿಂದ ನರಿತಾ... ಪೂರ್ವಕ್ಕೆ!

"ಗಾಬರಿ ಬೇಡಮ್ಮ. ಪ್ರಸ್ಥಾನ ಇಟ್ಬಿಡೋಣ," ಎಂದೆ ವಸುಂಧರಾಳಿಗೆ.

ನಿಮಗೆ ಗೊತ್ತಿರಬೇಕಲ್ಲ ಸಾರ್. ಹೊರಡುವ ದಿನ ಸರಿಯಿಲ್ಲದಿದ್ದರೆ ಹಿಂದಿನ ದಿನವೇ ಒಂದು ಗಂಟು ಕಟ್ಟಿ ದಾರಿಯಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಪ್ರಯಾಣ ಆವತ್ತೇ ಶುರುವಾಯಿತು ಎಂದು ಲೆಕ್ಕ. ಭಾನುವಾರ ಸಂಜೆ ಗಂಟು ಕಟ್ಟಿದೆವು. ಕಾಯಿಯನ್ನು ಉಯೆನೋ ಮಾರ್ಕೆಟ್ಟಿನಿಂದ ನಾನೇ ತಂದಿದ್ದೆ.

"ಇಷ್ಟು ಸಾಕಾ ಅಣ್ಣ?" ಎಂದು ಕೇಳಿದಳು ವಸುಂಧರಾ.

"ಪ್ರಯಾಣಕ್ಕೆ ಬೇಕೇ ಬೇಕಾದ ಒಂದು ವಸ್ತು ಇದ್ರೆ ಇನ್ನೂ ಸ್ಟ್ರಾಂಗು," ಎಂದೆ.

"ಅಂದ್ರೆ?"

"ಪಾಸ್‌ಪೋರ್ಟು. ಟಿಕೆಟ್ಟು. ಸರ್ಟಿಫಿಕೇಟು."

ತಾತ ಇದ್ದಿದ್ದರೆ ಅಲ್ಲೇ ಒಂದು ಬಿಡುತ್ತಿದ್ದರು.

ಗಂಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಎರಡು ಸ್ಟೇಷನ್ ಆಚೆ ಉರಯಾಸುವಿನಲ್ಲಿರುವ ಹಂಸಕ್ಕನ ಮನೆಗೆ ಒಯ್ದೆವು. ಚಪ್ಪಲಿ ಬಿಡುವ ಜಾಗದಲ್ಲಿ, ಬಾಗಿಲ ಪಕ್ಕ ಇಟ್ಟೆವು. ಬೆಳಗ್ಗೆ ಎತ್ತಿಕೊಂಡು ಹಾಗೇ ಹೋಗುವುದು. ಪ್ಲಾನ್ ಪರ್ಫೆಕ್ಟ್.

ಸೋಮವಾರ ಬೆಳಗ್ಗೆ ಒಂಬತ್ತೂಕಾಲಿಗೆ ಹಂಸಕ್ಕನ ಫೋನು.

"ದ್ವಾರಕಾ, ನಾನು ಮಕ್ಕಳ ಶಾಲೇಲಿದ್ದೀನಿ, ಮನೆಗೆ ಬರೋದು ಹತ್ತಾಗುತ್ತೆ. ಒಂದು ಸಣ್ಣ ತೊಂದ್ರೆ ಆಗಿದೆ."

ನಮ್ಮವರು ಸಣ್ಣ ತೊಂದರೆ ಎಂದರೆ ಕೂತು ಕೇಳಬೇಕು. ನಾನು ನಿಂತಿದ್ದೆ.

"ನಮ್ಮನೆಯವ್ರು ದಿನಾ ಆಫೀಸಿಗೆ ಹೋಗೋವಾಗ ಕಸದ ಕವರ್ ಕೆಳಗೆ ಇಟ್ಟು ಹೋಗ್ತಾರಲ್ಲ... ಇವತ್ತು ಬಾಗಿಲ ಹತ್ರ ಎರಡು ಕವರ್ ಇತ್ತಂತೆ. ಎರಡೂ ತಗೊಂಡು ಹೋಗಿದ್ದಾರೆ."

"ಎಲ್ಲಿಗೆ?"

"ಕಸಕ್ಕೆ ಕಣೋ."

ವಸುಂಧರಾ ಎರಡು ಸೂಟ್‌ಕೇಸ್ ಪಕ್ಕದಲ್ಲಿ ಸ್ವೆಟರ್ ಹಾಕಿಕೊಂಡು ರೆಡಿಯಾಗಿ ನಿಂತಿದ್ದಳು. ಅವಳ ಮುಖ ನೋಡಿದೆ. ಸುಳ್ಳು ಹೇಳೋಣವೆನಿಸಿತು. ಒಂದೂ ಹೊಳೆಯಲಿಲ್ಲ.

ಉರಯಾಸು ತಲುಪುವಷ್ಟರಲ್ಲಿ ಹತ್ತು ಗಂಟೆ. ಕಸದ ಜಾಗ ಗುಡಿಸಿ ತೊಳೆದ ಹಾಗಿತ್ತು. ಲಾರಿ ಬಂದು ಹೋಗಿ ಐದೇ ನಿಮಿಷ ಎಂದರು ಯಾರೋ. ದೂರದಲ್ಲಿ ಕಸದ ಲಾರಿಯ ಸಂಗೀತ ಕೇಳುತ್ತಿತ್ತು. ಮಕ್ಕಳ ಹಾಡಿನಂಥ ಟ್ಯೂನು.

ಓಡಿದೆ.

ಒಂದು ಬೀದಿ. ಎರಡು ಬೀದಿ. ಟೈ ಹೆಗಲ ಮೇಲೆ ಹಾರುತ್ತಿತ್ತು. ಮೂರನೇ ತಿರುವಿನಲ್ಲಿ ಪಕ್ಕೆ ಹಿಡಿದುಕೊಂಡಿತು. ಕೂಗಿ ನಿಲ್ಲಿಸೋಣವೆಂದರೆ ಜಪಾನೀಸಿನಲ್ಲಿ "ನಿಲ್ಲಿಸಿ" ಎನ್ನುವುದಕ್ಕೆ ಏನೆನ್ನಬೇಕೋ ನೆನಪಾಗಲಿಲ್ಲ. "ಸುಮಿಮಾಸೆನ್... ಸುಮಿಮಾಸೆನ್..." ಎಂದು ಅರಚುತ್ತಾ ಓಡಿದೆ. ಅಂದರೆ "ಕ್ಷಮಿಸಿ, ಕ್ಷಮಿಸಿ". ಲಾರಿಯವರು ಕ್ಷಮಿಸಿದರೋ ಏನೋ, ನಿಲ್ಲಿಸಲಿಲ್ಲ.

ಕೊನೆಗೆ ಲಾರಿ ನಿಂತಿತು. ಕೆಂಪು ಸಿಗ್ನಲ್ಲಿಗೆ.

ಏದುಸಿರು ಬಿಡುತ್ತಾ ತಲುಪಿ ನೋಡಿದರೆ ಹಂಸಕ್ಕ ಆಗಲೇ ಅಲ್ಲಿದ್ದಳು. ಮಗುವಿನ ಸೀಟಿದ್ದ ಸೈಕಲ್ ನಿಲ್ಲಿಸಿಕೊಂಡು, ಲಾರಿಯವನ ಜೊತೆ ಮಾತು ಮುಗಿಸಿ, ಅವನಿಗೆ ಬಗ್ಗಿ ನಮಸ್ಕಾರವನ್ನೂ ಮಾಡಿಯಾಗಿತ್ತು. ಮಕ್ಕಳ ಶಾಲೆಯ ಅಮ್ಮಂದಿರ ಜೊತೆ ಸೇರಿ ಮೂರು ವರ್ಷದಲ್ಲಿ ಭಾಷೆ ಕಲಿತವಳು ಅವಳು.

"ಓಡೋಕೆ ಮುಂಚೆ ನನ್ನ ಕೇಳ್ಬಾರ್ದೇನೋ?" ಎಂದಳು. "ಇವ್ರು ನಮ್ಮ ಕವರ್ ತಗೊಂಡೇ ಇಲ್ವಂತೆ."

"ಯಾಕೆ?"

"ಕಸ ಸರಿಯಾಗಿ ಬೇರೆ ಮಾಡಿಲ್ಲ ಅಂತ ಚೀಟಿ ಅಂಟಿಸಿ ಅಲ್ಲೇ ಬಿಟ್ಟಿದ್ದಾರೆ. ಕೆಳಗಿನ ಮನೆ ಸಕಾಮೊತೊ-ಸಾನ್ ಎತ್ಕೊಂಡು ಹೋದ್ರಂತೆ."

ನಮ್ಮ ತಪ್ಪಿನೊಳಗಿನ ತಪ್ಪೇ ನಮ್ಮನ್ನು ಕಾಪಾಡಿತ್ತು.

ಸಕಾಮೊತೊ-ಸಾನ್, ಅಂದರೆ ಸಕಾಮೊತೊ ಅವರು, ಎಂಬತ್ತರ ಹತ್ತಿರದ ಅಜ್ಜಿ. ಆ ಕಟ್ಟಡದ ಕಸಕ್ಕೆಲ್ಲ ಅವರೇ ಇನ್ಸ್‌ಪೆಕ್ಟರು. ನಾವು ಹೋದಾಗ ನಮ್ಮ ಪ್ಲಾಸ್ಟಿಕ್ ಕವರನ್ನು ತೊಳೆದು ಕ್ಲಿಪ್ ಹಾಕಿ ಒಣಗಲು ಬಿಟ್ಟಿದ್ದರು. ಒಳಗಿದ್ದುದೆಲ್ಲ? ಪಾಸ್‌ಪೋರ್ಟ್ ಕಂಡ ಕೂಡಲೇ ಎಲ್ಲವನ್ನೂ ಪೊಲೀಸ್ ಚೌಕಿಗೆ ಒಪ್ಪಿಸಿ ಬಂದಿದ್ದರಂತೆ. ಅಕ್ಕಿ ಕಾಳನ್ನೂ ಬಿಡದೆ. ಇಷ್ಟು ಹೇಳುವುದಕ್ಕೆ ಮೊದಲು ಕಸ ಬೇರ್ಪಡಿಸುವುದು ಹೇಗೆಂದು ಹಂಸಕ್ಕನಿಗೆ ಇಪ್ಪತ್ತು ನಿಮಿಷ ಪಾಠ ಮಾಡಿದರು. ಹಂಸಕ್ಕ ತಲೆ ತಗ್ಗಿಸಿ ಕೇಳಿದಳು. ಕಣ್ಣು ಮಾತ್ರ ನನ್ನನ್ನು ಸುಡುತ್ತಿತ್ತು.

ಹಾಗೆ ನಾವು ಚೌಕಿಗೆ ಬಂದದ್ದು.

ಪಾಸ್‌ಪೋರ್ಟಿನಲ್ಲಿ ವಸುಂಧರಾಳ ಫೋಟೋ ಇತ್ತು. ಎದುರಿಗೆ ವಸುಂಧರಾಳೇ ಇದ್ದಳು. ಕೊಟ್ಟು ಕಳಿಸುತ್ತಾನೆ, ಎರಡು ನಿಮಿಷದ ಕೆಲಸ ಎಂದುಕೊಂಡೆ. ಪೊಲೀಸಿನವನ ಹೆಸರು ಕುರೋದಾ. ವಯಸ್ಸು ಮೂವತ್ತು ಇರಬಹುದು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುವುದಿಲ್ಲ. ಸಾವಕಾಶವಾಗಿ ನನ್ನ ಕಡೆ ಪೆನ್ನು ತೋರಿಸಿ ಏನೋ ಕೇಳಿದ.

"ನೀನು ಗಂಡನಾ ಅಂತ ಕೇಳ್ತಿದ್ದಾರೆ," ಎಂದಳು ಹಂಸಕ್ಕ.

"ಅಲ್ಲ, ಫ್ರೆಂಡ್ ಅಂತ ಹೇಳು."

ಹೇಳಿದಳು. ಕುರೋದಾ ಬರೆದುಕೊಂಡ. ಸೂಟ್‌ಕೇಸುಗಳನ್ನು ನೋಡಿದ. ವಸುಂಧರಾಳ ಹೊಟ್ಟೆ ನೋಡಿದ. ಮತ್ತೆ ನನ್ನನ್ನು ನೋಡಿದ. ಆ ನೋಟ ನನಗೆ ಹಿಡಿಸಲಿಲ್ಲ. ಮತ್ತೊಂದು ಪ್ರಶ್ನೆ.

"ಗಂಡ ಎಲ್ಲಿ ಅಂತೆ."

"ಮಷೀನ್ ರೂಮಲ್ಲಿ."

"ಇವ್ಳು ಹೋಗ್ತಿರೋದು ಅವ್ರಿಗೆ ಗೊತ್ತಾ ಅಂತೆ. ಪಾಸ್‌ಪೋರ್ಟ್ ಕಸಕ್ಕೆ ಎಸೆದಿದ್ದು ಯಾರು ಅಂತೆ." ಹಂಸಕ್ಕ ದನಿ ತಗ್ಗಿಸಿದಳು. "ದ್ವಾರಕಾ, ಇವ್ರಿಗೆ ಏನು ಡೌಟು ಗೊತ್ತಾ? ಗಂಡ ಹೋಗ್ಬೇಡ ಅಂತ ಪಾಸ್‌ಪೋರ್ಟ್ ಎಸೆದಿದ್ದಾನೆ, ನೀನು ಇವ್ಳನ್ನ ಓಡಿಸ್ಕೊಂಡು ಹೋಗ್ತಿದ್ದೀಯ ಅಂತ."

ಮೂವತ್ತನಾಲ್ಕು ವರ್ಷ ಸಾರ್ ನನಗೆ. ಅಲ್ಲಿಯವರೆಗೆ ಯಾರನ್ನೂ ಕಾಫಿಗೆ ಕರೆಯುವ ಧೈರ್ಯವೂ ಇರಲಿಲ್ಲ. ಏಳೂವರೆ ತಿಂಗಳ ಬಸುರಿಯನ್ನು ಹಗಲು ಹೊತ್ತಿನಲ್ಲಿ, ತೆಂಗಿನಕಾಯಿ ಸಮೇತ ಓಡಿಸಿಕೊಂಡು ಹೋಗುವ ಗಂಡಸೆಂದು ನನ್ನನ್ನು ನಂಬಿದ ಮೊದಲ ಮನುಷ್ಯ ಈ ಕುರೋದಾ. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು.

"ಪ್ರಸ್ಥಾನದ ವಿಷಯ ಹೇಳು ಹಂಸಕ್ಕ."

"ಏನಂತ ಹೇಳ್ಲಿ? ಸೋಮವಾರ ಪೂರ್ವಕ್ಕೆ ಹೋಗಬಾರ್ದು ಅಂತ ಭಾನುವಾರವೇ ಪಾಸ್‌ಪೋರ್ಟನ್ನ ತೆಂಗಿನಕಾಯಿ ಜೊತೆ ಕಳಿಸಿದ್ವಿ ಅಂತಲಾ?"

"ಹೂಂ."

ಹೇಳಿದಳು. ಕುರೋದಾ ಕಣ್ಣು ಮಿಟುಕಿಸದೆ ಕೇಳಿದ. ಬರೆಯುವುದನ್ನು ನಿಲ್ಲಿಸಿದ. ಪೆನ್ನಿಗೆ ಮುಚ್ಚಳ ಹಾಕಿ ಫೋನ್ ಎತ್ತಿಕೊಂಡ.

"ಗಂಡನ ಆಫೀಸ್ ನಂಬರ್ ಕೊಡ್ಬೇಕಂತೆ," ಎಂದಳು ಹಂಸಕ್ಕ.

ವಸುಂಧರಾ ಕೊಟ್ಟಳು. ಪೊಲೀಸರು ಬ್ಯಾಂಕಿಗೆ ಫೋನ್ ಮಾಡುವುದು ಎಂದರೇನು ಗೊತ್ತೇ ಸಾರ್ ಆ ಊರಿನಲ್ಲಿ? ರಿಸೆಪ್ಷನ್ನಿನಿಂದ ಮ್ಯಾನೇಜರ್, ಮ್ಯಾನೇಜರಿನಿಂದ ಅಜಿತನ ಬಾಸ್ ಮೊರಿತಾ-ಸಾನ್. ಲೈನಿನಲ್ಲಿ ಎರಡೆರಡು ನಿಮಿಷ ಸಂಗೀತ. ನಾನು ಗಡಿಯಾರ ನೋಡುತ್ತಾ ನಿಂತೆ. ಹನ್ನೊಂದೂವರೆ. ಹನ್ನೊಂದು ಮೂವತ್ತೈದು...

ಆಗ ವಸುಂಧರಾ ಮಾತಾಡಿದಳು. ನನ್ನ ಕಡೆ ನೋಡದೆ.

"ದ್ವಾರಕಣ್ಣ, ಇಲ್ಲೇ ಹೆರಿಗೆ ಆದ್ರೆ... ನೋವು ತಡ್ಕೊಳಕ್ಕಾಗ್ತಿಲ್ಲ ಅಂತ ನರ್ಸ್‌ಗೆ ಹೇಗೆ ಹೇಳ್ಬೇಕು ಅಂತಾನೂ ನಂಗೆ ಬರಲ್ಲ."

ನಾಚಿಕೆಯಾಯಿತು ಸಾರ್. ಬೇರೆಯವರ ಕಷ್ಟದ ಮೇಲೆ ನಾನು ನನ್ನ ಜಾಣತನ ಮೆರೆಸಿದ್ದೆ, ಅಷ್ಟೇ. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತಂತೆ. ಈ ಮಾತನ್ನು ಹಂಸಕ್ಕ ಆಗಲೇ ಎರಡು ಸಲ ಹೇಳಿದ್ದಳು. ಮೂರನೇ ಸಲ ನಾನೇ ಹೇಳಿಕೊಂಡೆ.

ಕೊನೆಗೆ ಅಜಿತ್ ಲೈನಿಗೆ ಬಂದ. ಕುರೋದಾ ಉದ್ದಕ್ಕೆ ಏನೇನೋ ಹೇಳಿದ. ಪೊಲೀಸು, ಹೆಂಡತಿ, ಪಾಸ್‌ಪೋರ್ಟು, ಕಸ, ಗಂಡಸು... ಬಿಡಿ ಬಿಡಿ ಪದಗಳು ನನಗೂ ಅರ್ಥವಾದವು. ಅಜಿತನಿಗೆ ಬರುತ್ತಿದ್ದ ಜಪಾನೀಸೂ ಅಷ್ಟೇ. ಆ ಕಡೆಯಿಂದ "ಹೈ... ಹೈ... ಹೈ..." ಎಂಬ ದನಿ ಮಾತ್ರ ಬರುತ್ತಿತ್ತು. ನಮ್ಮವರು ಭಾಷೆ ಅರ್ಥವಾಗದಾಗ ಹೇಳುವ ಹೌದು ಅದು.

ವಸುಂಧರಾ ಫೋನಿಗೆ ಕೈ ಚಾಚಿದಳು. ಅಷ್ಟರಲ್ಲಿ ಕುರೋದಾ ಇಟ್ಟುಬಿಟ್ಟ. ಗಂಡ ಎಲ್ಲದಕ್ಕೂ ಹೌದೆಂದಿದ್ದ. ಕಾನೂನಿಗೆ ಅಷ್ಟು ಸಾಕು.

ಸಹಿ. ಇನ್ನೊಂದು ಸಹಿ. ಪಾಸ್‌ಪೋರ್ಟ್ ಕೈಗೆ ಬಂತು. ತೆಂಗಿನಕಾಯಿಯನ್ನೂ ಎರಡು ಕೈಯಲ್ಲಿ ಕೊಟ್ಟ. ಬೇಡವೆಂದರೆ ಮತ್ತೊಂದು ಫಾರ್ಮ್ ಬರುತ್ತದೇನೋ ಎಂದು ತೆಗೆದುಕೊಂಡೆ.

ಹನ್ನೊಂದು ಐವತ್ತು.

ಟ್ಯಾಕ್ಸಿ!

ಡ್ರೈವರಿಗೆ ಬಿಳಿ ಗ್ಲೌಸು. ಸೀಟಿಗೆ ಬಿಳಿ ಲೇಸು. ಹಂಸಕ್ಕ, ವಸುಂಧರಾ ಹಿಂದೆ. ನಾನು ಮುಂದೆ, ಮಡಿಲಲ್ಲಿ ಕಾಯಿ. "ನರಿತಾ. ಫಾಸ್ಟ್. ವೆರಿ ವೆರಿ ಫಾಸ್ಟ್," ಎಂದೆ ಕಣ್ಣು ಕಿರಿದು ಮಾಡಿ, ಹಲ್ಲು ಕಚ್ಚಿ. ಡ್ರೈವರ್ ತಲೆ ಬಾಗಿಸಿದ. ಸೀಟ್ ಬೆಲ್ಟ್ ಹಾಕಿಕೊಳ್ಳಿ ಎಂದು ತೋರಿಸಿದ. ಹೈವೇ ಹತ್ತಿದ. ಎಂಬತ್ತಕ್ಕೆ ಮುಳ್ಳು ಬಂತು. ಅಲ್ಲೇ ನಿಂತಿತು. ಎಂಬತ್ತೊಂದು ಆಗಲಿಲ್ಲ. ಬಸ್ಸುಗಳು ನಮ್ಮನ್ನು ದಾಟಿ ಹೋದವು. ಕೋಳಿ ಸಾಗಿಸುವ ಒಂದು ವ್ಯಾನೂ ದಾಟಿ ಹೋಯಿತು.

ಹನ್ನೆರಡೂ ಕಾಲಿಗೆ ನನ್ನ ಮೊಬೈಲ್ ಹೊಡೆದುಕೊಂಡಿತು. ಮೈಸೂರಿನ ಐಎಸ್‌ಡಿ ಬೂತಿನಿಂದ ವಸುಂಧರಾಳ ತಾಯಿ ವಿಶಾಲಾಕ್ಷಮ್ಮ.

"ಹೊರಟ್ರಾ ಅಪ್ಪಾ?"

"ಹೊರಟ್ವಿ ಅಮ್ಮ. ಏನೂ ಯೋಚನೆ ಮಾಡ್ಬೇಡಿ. ಸೋಮವಾರ ಪೂರ್ವಕ್ಕೆ ಶೂಲೆ ಅಂತ ನಿನ್ನೇನೇ ಪ್ರಸ್ಥಾನ ಇಟ್ಟಿದ್ವಿ."

"ಪೂರ್ವಕ್ಕಾ? ಮೈಸೂರು ನಿಮಗೆ ಪಶ್ಚಿಮಕ್ಕಲ್ವೇನಪ್ಪಾ?"

"ಏರ್‌ಪೋರ್ಟು ಪೂರ್ವಕ್ಕಿದೆ ಅಮ್ಮ..."

"ನನ್ನ ಮಗಳು ಬಾಣಂತನಕ್ಕೆ ಏರ್‌ಪೋರ್ಟಿಗೆ ಹೋಗ್ತಿದ್ದಾಳಾ?"

ಲೈನ್ ಸರಿಯಿಲ್ಲ ಎಂದು ಕಟ್ ಮಾಡಿದೆ. ಲೈನ್ ಸರಿಯಾಗಿಯೇ ಇತ್ತು.

ಹಿಂದೆ ಏನೋ ಸದ್ದಾಯಿತು. ವಸುಂಧರಾ ಅಳುತ್ತಿದ್ದಾಳೆಂದು ತಿರುಗಿ ನೋಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹಂಸಕ್ಕ ಅವಳ ಬೆನ್ನು ಸವರುತ್ತಾ ತಾನೂ ನಗುತ್ತಿದ್ದಳು. ನಾನು ಮುಂದೆ ತಿರುಗಿಕೊಂಡು ರಸ್ತೆ ನೋಡಿದೆ.

ಏರ್‌ಪೋರ್ಟ್. ಹನ್ನೆರಡು ಐವತ್ತೇಳು.

ಎರಡು ಸೂಟ್‌ಕೇಸ್ ಎಳೆದುಕೊಂಡು ನುಗ್ಗಿದೆ. ಕಾಯಿ ಹಂಸಕ್ಕನ ಪಾಲಾಯಿತು. ಕೌಂಟರಿನ ಹುಡುಗಿ ಬೋರ್ಡ್ ತಿರುಗಿಸಲು ಕೈ ಎತ್ತಿದ್ದಳು. ನಮ್ಮನ್ನು ನೋಡಿ ಕೈ ಇಳಿಸಿದಳು. ಪಾಸ್‌ಪೋರ್ಟ್ ನೋಡಿದಳು. ಸರ್ಟಿಫಿಕೇಟ್ ನೋಡಿದಳು. ತಾರೀಖನ್ನು ಎರಡು ಸಲ ನೋಡಿದಳು.

"ಪರವಾಗಿಲ್ಲ, ಇವತ್ತು ಕೊನೆಯ ದಿನ," ಎಂದಳು ಇಂಗ್ಲಿಷಿನಲ್ಲಿ. ಒಂದು ಫಾರ್ಮ್ ಮುಂದಿಟ್ಟಳು. "ಬೀಳ್ಕೊಡಲು ಬಂದ ಕುಟುಂಬದವರ ಸಹಿ ಬೇಕು. ತಾವು ಪತಿಯವರೇ?"

ಬೆಳಗ್ಗೆಯಿಂದ ನಿಜ ಹೇಳಿ ಹೇಳಿ ಏನಾಯಿತೆಂದು ನೋಡಿದ್ದೆನಲ್ಲ.

"ಹೌದು," ಎಂದೆ.

ಹಂಸಕ್ಕ ಕೆಮ್ಮಿದಳು. ವಸುಂಧರಾ ನೆಲ ನೋಡಿದಳು. ನಾನು ಅಜಿತ್ ಎಂದು ಸಹಿ ಹಾಕಿದೆ. ಕೌಂಟರಿನ ಹುಡುಗಿ ಫಾರ್ಮ್ ತೆಗೆದುಕೊಂಡು, ತುಂಬು ಗರ್ಭಿಣಿ ಹೆಂಡತಿಯನ್ನು ಒಬ್ಬಳನ್ನೇ ಕಳಿಸುವುದು ಎಷ್ಟು ಸರಿ, ಇನ್ನಷ್ಟು ಮುಂಚೆ ಬರಬಾರದಿತ್ತೇ ಎಂದು ಅತಿ ವಿನಯದಿಂದ ನನ್ನ ಚರ್ಮ ಸುಲಿದಳು. ನಾನು ಸುಮಿಮಾಸೆನ್ ಎನ್ನುತ್ತಾ ನಿಂತೆ. ಗಂಡನಾಗಿ ಮೂರು ನಿಮಿಷವಾಗಿತ್ತು. ಆಗಲೇ ಸಾಕಾಗಿತ್ತು.

ವೀಲ್‌ಚೇರ್ ಬಂತು. ಅದೇ ಹುಡುಗಿ ತಳ್ಳಿಕೊಂಡು ಹೊರಟಳು. ಒಳಗೆ ಹೋಗುವ ಗೇಟಿನ ತನಕ ನಾವೂ ಜೊತೆಗೆ ನಡೆದೆವು.

"ಬರ್ತೀನಿ ಹಂಸಕ್ಕ. ಬರ್ತೀನಿ ಅಣ್ಣ..." ಎಂದಳು ವಸುಂಧರಾ. ಅವಳ ಕಣ್ಣು ನಮ್ಮ ಹಿಂದೆ ಯಾರನ್ನೋ ಹುಡುಕುತ್ತಿತ್ತು. ಹಂಸಕ್ಕ ಬಾಗಿ ಅವಳ ಹಣೆಗೆ ಮುತ್ತು ಕೊಟ್ಟಳು. ಅವಳಿಗೆ ಬೇಕಾಗಿದ್ದದ್ದು ನಾನಲ್ಲ, ಹಂಸಕ್ಕನೂ ಅಲ್ಲ.

"ವಸೂ!"

ಇಡೀ ಹಾಲ್ ತಿರುಗಿ ನೋಡಿತು. ಅಜಿತ್ ಓಡಿ ಬರುತ್ತಿದ್ದ. ಕೋಟಿಲ್ಲ. ಕುತ್ತಿಗೆಯಲ್ಲಿ ಬ್ಯಾಂಕಿನ ಬ್ಯಾಡ್ಜು. ಕಾಲಲ್ಲಿ ಮಷೀನ್ ರೂಮಿನ ಪ್ಲಾಸ್ಟಿಕ್ ಚಪ್ಪಲಿ. ಮುಖ ಸುಣ್ಣದಂತಾಗಿತ್ತು. ಬಂದವನು ವೀಲ್‌ಚೇರ್ ಮುಂದೆ ಮಂಡಿಯೂರಿ ಕುಸಿದ.

"ಪೊಲೀಸ್ ಅಂದ್ರು... ನಿಂಗೇನಾಯ್ತು? ಮಗೂಗೇನಾಯ್ತು?"

"ಏನೂ ಆಗಿಲ್ಲ ರೀ. ನಾವು ಚೆನ್ನಾಗಿದ್ದೀವಿ. ನಿಮ್ಮನ್ನ ಹೇಗೆ ಬಿಟ್ರು?"

"ಮೊರಿತಾ-ಸಾನ್ ನನ್ನ ಕೈಯಿಂದ ಕೀಬೋರ್ಡ್ ಕಿತ್ಕೊಂಡು ಟ್ರೇನ್ ಹತ್ಸಿದ್ರು. ಹೆಂಡತಿ ಬಸುರಿ ಅಂತ ಯಾಕೆ ಹೇಳ್ಲಿಲ್ಲ ಅಂತ ಬೈದ್ರು."

ವಸುಂಧರಾ ಅವನ ಗಲ್ಲ ಹಿಡಿದು ಮುಖ ಎತ್ತಿದಳು.

"ನೀವು ರಜಾ ಕೇಳ್ಲೇ ಇಲ್ಲ, ಅಲ್ವಾ?"

"ಕೇಳ್ಲಿಲ್ಲ," ಎಂದ ಅಜಿತ್. "ಇಲ್ಲ ಅಂದ್ಬಿಟ್ರೆ ಅಂತ ಭಯ ಆಯ್ತು ವಸೂ. ತಪ್ಪಾಯ್ತು."

ಅವಳು ಈಗ ಅತ್ತಳು. ಬೆಳಗ್ಗೆಯಿಂದ ತಡೆದಿಟ್ಟುಕೊಂಡದ್ದೆಲ್ಲ ಬಂತು. ಅವನ ತಲೆಯನ್ನು ಎದೆಗೊತ್ತಿಕೊಂಡಳು. ಹಂಸಕ್ಕ ಮೂಗು ಒರೆಸಿಕೊಂಡಳು. ನಾನೂ ಕಣ್ಣು ಒರೆಸಿಕೊಂಡೆ, ಸುಳ್ಳೇಕೆ ಹೇಳಲಿ.

ಕೌಂಟರಿನ ಹುಡುಗಿ ಮಾತ್ರ ಫಾರ್ಮನ್ನು ನೋಡುತ್ತಿದ್ದಳು. ಅಜಿತನ ಬ್ಯಾಡ್ಜ್ ನೋಡಿದಳು. ಅದರಲ್ಲಿ ದಪ್ಪಕ್ಷರದಲ್ಲಿ ಅಜಿತ್ ಎಂದಿತ್ತು. ಮತ್ತೆ ಫಾರ್ಮ್ ನೋಡಿದಳು.

"ಇವರು?" ಎಂದು ಕೇಳಿದಳು.

"ಮೈ ಹಸ್ಬೆಂಡ್," ಎಂದಳು ವಸುಂಧರಾ, ಅಳುತ್ತಲೇ.

ಹುಡುಗಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ಬಗ್ಗಿದಳು. ಆ ದಿನ ನನ್ನನ್ನು ಪ್ರಶ್ನಿಸಿದವರಲ್ಲಿ ಅತ್ಯಂತ ಅಪಾಯದವಳು ಅವಳೇ.

"ಕ್ಷಮಿಸಿ. ಹಾಗಾದರೆ ತಾವು...?"

ನಾನೂ ಅಷ್ಟೇ ಬಗ್ಗಿದೆ.

"ಲಗೇಜು," ಎಂದೆ.